ಓಪನ್‌ಡಬ್ಲ್ಯುಆರ್‌ಟಿ ಮತ್ತು ಎಸ್‌ಕ್ಯೂಎಂ: ಹಂಚಿಕೊಂಡ ಜಾಲಕ್ಕೆ ಸರದಿ ಕಲಿಸುವ ಫರ್ಮ್‌ವೇರ್

ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಹಲವರು ಹಂಚಿಕೊಳ್ಳುವ ಕಡೆ ರೌಟರ್ ಬದಲಿಸುವ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲು ನೋಡುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವೇಗದ ಅಂಕಿಯನ್ನು. ಅದು ರೌಟರಿನೊಳಗಿನ ಎಲ್ಲ ರೇಡಿಯೊಗಳ ಸೈದ್ಧಾಂತಿಕ ಗರಿಷ್ಠ ವೇಗಗಳನ್ನು ಕೂಡಿಸಿ ಬರೆದ ಅಂಕಿ. ಒಬ್ಬರು ದೊಡ್ಡ ಕಡತವೊಂದನ್ನು ಅಪ್‌ಲೋಡ್ ಮಾಡತೊಡಗಿದೊಡನೆ ಇನ್ನೊಬ್ಬರ ವಿಡಿಯೊ ಕರೆ ಏಕೆ ತೊದಲುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ. ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿರುವ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ. ಹಲವು ಜನ ಒಟ್ಟಿಗೆ ಬಳಸುವ ಜಾಲವೊಂದನ್ನು ಇದರ ಮೇಲೆ ನಡೆಸಿ ನೋಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅದರ ಸಾವಿರಾರು ಪ್ಯಾಕೇಜುಗಳನ್ನು ಇಲ್ಲಿ ಪರಿಶೀಲಿಸುವುದಿಲ್ಲ. ಹಂಚಿಕೊಂಡ ಜಾಲದಲ್ಲಿ ಎಲ್ಲರಿಗೂ ನ್ಯಾಯವಾದ ಪಾಲು ಕೊಡಿಸುವ ಕೆಲಸವನ್ನು ಅದು ಎಷ್ಟರಮಟ್ಟಿಗೆ ಮಾಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರಿನ ಮೂಲ ಸಂಕೇತವನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಷರತ್ತಿನಂತೆ ಬಿಡುಗಡೆ ಮಾಡಬೇಕಾಗಿ ಬಂದದ್ದರಿಂದ, 2004ರಲ್ಲಿ ಈ ಯೋಜನೆ ಹುಟ್ಟಿಕೊಂಡಿತು. ನಡುವೆ 2016ರಲ್ಲಿ ಒಂದು ಗುಂಪು ಬೇರೆಯಾಗಿ, 2018ರಲ್ಲಿ ಮತ್ತೆ ಒಂದಾಯಿತು. ಇಂದು ಇದು ರೌಟರಿಗೆಂದು ಕಟ್ಟಿದ ಪೂರ್ಣ ಪ್ರಮಾಣದ ಲಿನಕ್ಸ್ ವ್ಯವಸ್ಥೆ. ತಯಾರಕರು ಹಾಕಿಕೊಟ್ಟ ಫರ್ಮ್‌ವೇರನ್ನು, ಎಂದರೆ ಸಾಧನವನ್ನು ನಡೆಸುವ ಒಳಗಿನ ತಂತ್ರಾಂಶವನ್ನು, ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸಬೇಕು.

ಹಂಚಿಕೊಂಡ ಜಾಲದಲ್ಲಿ ಪೈಪೋಟಿ ನಡೆಯುವ ಸ್ಥಳಗಳು ಎರಡು. ಮನೆಯಿಂದಲೋ ಕಚೇರಿಯಿಂದಲೋ ಹೊರಗೆ ಹೋಗುವ ತಂತಿಯ ಬಾಯಲ್ಲಿ ಪ್ಯಾಕೆಟ್‌ಗಳು (ಮಾಹಿತಿಯ ಪುಟ್ಟ ಕಂತೆಗಳು) ಸಾಲುಗಟ್ಟಿ ನಿಲ್ಲುವ ಜಾಗ ಒಂದು. ವೈಫೈ ಸಾಧನಗಳೆಲ್ಲ ಒಂದೇ ಚಾನೆಲ್‌ನಲ್ಲಿ ಮಾತನಾಡಲು ಹವಣಿಸುವ ಗಾಳಿ ಇನ್ನೊಂದು. ಮೊದಲನೆಯ ಕಡೆ ಡಿಕ್ಕಿ ಇಲ್ಲ, ಕಾಯುವಿಕೆ ಇದೆ. ಎರಡನೆಯ ಕಡೆ ಕಾಯುವಿಕೆಯೂ ಇದೆ, ಡಿಕ್ಕಿಯೂ ಇದೆ. ಓಪನ್‌ಡಬ್ಲ್ಯುಆರ್‌ಟಿಯನ್ನು ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಈ ಎರಡನ್ನು ಕಲಸಿಬಿಡುತ್ತಾರೆ. ಮೊದಲನೆಯದರಲ್ಲಿ ಈ ತಂತ್ರಾಂಶಕ್ಕೆ ಸಮನಾದದ್ದು ಸುಲಭಕ್ಕೆ ಸಿಗುವುದಿಲ್ಲ. ಎರಡನೆಯದರಲ್ಲಿ ಅದು ಅರ್ಧ ದಾರಿಯಷ್ಟೇ ನಡೆಯುತ್ತದೆ, ಉಳಿದರ್ಧ ಅದರ ಕೈಯಲ್ಲಿಲ್ಲ.

ಸಾಲಿನ ವಿಚಾರವನ್ನು ಮೊದಲು ನೋಡೋಣ. ಮೋಡೆಮ್‌ಗಳಲ್ಲೂ ರೌಟರುಗಳಲ್ಲೂ ತಯಾರಕರು ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದೆಂದು ದೊಡ್ಡ ದೊಡ್ಡ ಬಫರ್‌ಗಳನ್ನು, ಎಂದರೆ ಪ್ಯಾಕೆಟ್‌ಗಳು ಕಾಯುವ ತಾತ್ಕಾಲಿಕ ಸ್ಮೃತಿಯನ್ನು, ಇಟ್ಟಿರುತ್ತಾರೆ. ಮಾಹಿತಿ ಕಳುಹಿಸುವ ವೇಗವನ್ನು ನಿಯಂತ್ರಿಸುವ ಟಿಸಿಪಿ ನಿಯಮಾವಳಿಯ ಸಾಂಪ್ರದಾಯಿಕ ವಿಧಾನಗಳಾದರೋ ಪ್ಯಾಕೆಟ್ ಕಳೆದಾಗಲೇ ವೇಗ ತಗ್ಗಿಸುವಂಥವು. ಕಳೆಯುವವರೆಗೆ ಅವು ಬಫರನ್ನು ತುಂಬುತ್ತಲೇ ಹೋಗುತ್ತವೆ. ಅಪ್‌ಲೋಡ್ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಇರುವ ಸಂಪರ್ಕದ ಮುಂದೆ 1 ಮೆಗಾಬೈಟ್ ಬಫರ್ ತುಂಬಿ ನಿಂತಿದ್ದರೆ, ಅದು ಖಾಲಿಯಾಗಲು 1.6 ಸೆಕೆಂಡು ಬೇಕು. ಆ ಹೊತ್ತಿಗೆ ಬಂದ ಧ್ವನಿಕರೆಯ ಪುಟ್ಟ ಪ್ಯಾಕೆಟ್ ಸಾಲಿನ ಕೊನೆಯಲ್ಲಿ ಅಷ್ಟು ಹೊತ್ತು ನಿಲ್ಲಬೇಕು. ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಜಿಮ್ ಗೆಟ್ಟಿಸ್ ಪ್ರಚುರಪಡಿಸಿದ ಸಮಸ್ಯೆ ಇದೇ. ಹೆಚ್ಚು ವೇಗದ ಯೋಜನೆಗೆ ಹಣ ಕಟ್ಟಿದರೆ ಇದು ಮರೆಯಾಗಬಹುದು, ಹೋಗುವುದಿಲ್ಲ. ಯಾರಾದರೂ ಆ ಹೊಸ ವೇಗವನ್ನೂ ತುಂಬಿಸಿದ ಕ್ಷಣ ಹಳೆಯ ಕಥೆ ಮರುಕಳಿಸುತ್ತದೆ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದಕ್ಕಿರುವ ಮದ್ದಿಗೆ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂದು ಹೆಸರು. ಲುಸಿ ಎಂಬ ಅದರ ಜಾಲಪುಟದ ನಿಯಂತ್ರಣ ಫಲಕದಿಂದಲೇ ಈ ಪ್ಯಾಕೇಜನ್ನು ಹಾಕಿಕೊಳ್ಳಬಹುದು. ಅದರ ಕೆಲಸ ಎರಡು ಹಂತದ್ದು. ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆ ವೇಗದ ಮಿತಿಯೊಂದನ್ನು ರೌಟರಿನಲ್ಲೇ ಹೇರಿ, ಸಾಲು ಮೋಡೆಮ್‌ನ ಕುರುಡು ಬಫರಿನಲ್ಲಿ ಬೆಳೆಯದೆ ರೌಟರಿನೊಳಗೇ ನಿಲ್ಲುವಂತೆ ಮಾಡುವುದು ಮೊದಲ ಹಂತ. ಹಾಗೆ ಕೈವಶವಾದ ಸಾಲನ್ನು ಬುದ್ಧಿವಂತಿಕೆಯಿಂದ ನಡೆಸುವುದು ಎರಡನೆಯದು. ಈ ಎರಡನೆಯ ಹಂತದ ಬೇರು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ಕೊಡೆಲ್ ಎಂಬ ವಿಧಾನದಲ್ಲಿದೆ. ಅದಕ್ಕೂ ಹಿಂದಿನ ವಿಧಾನಗಳು ಸಾಲಿನ ಉದ್ದವನ್ನು ಅಳೆಯುತ್ತಿದ್ದವು. ಕೊಡೆಲ್ ಪ್ರತಿ ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅಳೆಯುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಮೇಲಿದ್ದು 100 ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯೂ ಅದಕ್ಕಿಂತ ಕೆಳಗಿಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬಿಸಾಡುತ್ತದೆ, ಅಥವಾ ಎರಡೂ ತುದಿಗಳು ಒಪ್ಪಿದ್ದರೆ ಬಿಸಾಡದೆ ಗುರುತು ಹಾಕಿ ಕಳುಹಿಸುತ್ತದೆ. ಕಳುಹಿಸುವವರು ಆ ಸೂಚನೆಯನ್ನು ಅರಿತು ತಗ್ಗುತ್ತಾರೆ.

ಇದಕ್ಕೆ ನ್ಯಾಯದ ಲೆಕ್ಕವನ್ನು ಸೇರಿಸಿದ ರೂಪವೇ ಎಫ್‌ಕ್ಯೂ-ಕೊಡೆಲ್. 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್‌ನೆಟ್ ತಾಂತ್ರಿಕ ದಸ್ತಾವೇಜಿನಲ್ಲಿ ದಾಖಲಾದ ಈ ವಿಧಾನ ಒಂದೇ ಸಾಲಿನ ಬದಲು ಸಾಮಾನ್ಯವಾಗಿ 1024 ಸಾಲುಗಳನ್ನು ಇಟ್ಟುಕೊಂಡು, ಪ್ರತಿ ಹರಿವನ್ನೂ (ಒಂದು ಸಂಪರ್ಕದ ಪ್ಯಾಕೆಟ್‌ಗಳ ಸರಣಿಯನ್ನೂ) ಅದರದೇ ಸಾಲಿಗೆ ಹಾಕಿ, ಸಾಲುಗಳಿಗೆ ಸರದಿಯಂತೆ ಅವಕಾಶ ಕೊಡುತ್ತದೆ. ಅಪರೂಪಕ್ಕೆ ಒಂದೊಂದು ಪ್ಯಾಕೆಟ್ ಕಳುಹಿಸುವ ಹರಿವು, ಎಂದರೆ ಧ್ವನಿಕರೆ, ಜಾಲತಾಣದ ವಿಳಾಸ ಹುಡುಕುವ ಡಿಎನ್‌ಎಸ್ ಪ್ರಶ್ನೆ, ಆಟದ ಚಲನೆ, ಇಂಥವು ತಮ್ಮ ಪಾಲನ್ನು ಮೀರದೆ ಇರುವವರೆಗೆ ಬೇಗ ಹೊರಬೀಳುತ್ತವೆ. ಇಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಎಂದರೆ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಬಳಕೆದಾರ ಪಟ್ಟಿ ಮಾಡಬೇಕಿಲ್ಲ. ಹಳೆಯ ರೌಟರುಗಳಲ್ಲಿ ಆದ್ಯತೆಯ ನಿಯಮಗಳನ್ನು ಒಂದೊಂದಾಗಿ ಬರೆದು, ಹೊಸ ತಂತ್ರಾಂಶ ಬಂದಾಗಲೆಲ್ಲ ತಿದ್ದಿ, ಕೊನೆಗೆ ಬೇಸತ್ತು ಬಿಟ್ಟವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೂ ಎಫ್‌ಕ್ಯೂ-ಕೊಡೆಲ್‌ನ ನ್ಯಾಯದಲ್ಲಿ ಒಂದು ಬಿರುಕಿದೆ. ಅದು ಪಾಲು ಹಂಚುವುದು ಹರಿವುಗಳ ನಡುವೆ, ಜನರ ನಡುವೆ ಅಲ್ಲ. ಮೂವತ್ತು ಸಂಪರ್ಕಗಳನ್ನು ಏಕಕಾಲಕ್ಕೆ ತೆರೆಯುವ ಡೌನ್‌ಲೋಡ್ ತಂತ್ರಾಂಶವನ್ನು ಒಬ್ಬರು ಓಡಿಸಿದರೆ ಅವರಿಗೆ ಮೂವತ್ತು ಪಾಲು, ಒಂದೇ ಸಂಪರ್ಕದಲ್ಲಿ ಕಡತ ಇಳಿಸಿಕೊಳ್ಳುತ್ತಿರುವವರಿಗೆ ಒಂದು ಪಾಲು. ಈ ಬಿರುಕನ್ನು ಮುಚ್ಚಿದ್ದು 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ಕೇಕ್ ಎಂಬ ಮುಂದಿನ ತಲೆಮಾರಿನ ವ್ಯವಸ್ಥೆ. ಅದು ಮೊದಲು ಸಾಧನಗಳ ನಡುವೆ ಸಮಪಾಲು ಮಾಡಿ, ಬಳಿಕ ಪ್ರತಿ ಸಾಧನದ ಪಾಲನ್ನು ಅದರೊಳಗಿನ ಹರಿವುಗಳಿಗೆ ಹಂಚುತ್ತದೆ. ಹರಿವುಗಳನ್ನು ಸಾಲುಗಳಿಗೆ ಹಾಕುವಾಗ ಎರಡು ಹರಿವುಗಳು ಆಕಸ್ಮಿಕವಾಗಿ ಒಂದೇ ಸಾಲಿಗೆ ಬಂದು ಬೀಳುವ ಸಾಧ್ಯತೆಯನ್ನೂ ಎಂಟು ಪರ್ಯಾಯ ಜಾಗಗಳನ್ನು ನೋಡುವ ಉಪಾಯದಿಂದ ಅದು ಬಹುಮಟ್ಟಿಗೆ ನಿವಾರಿಸಿದೆ.

ಎಸ್‌ಕ್ಯೂಎಂನ ಹೊಂದಿಕೆಯಲ್ಲಿ ಕೇಕ್ ಆಯ್ದುಕೊಂಡು ಹಾಗೇ ಬಿಟ್ಟರೆ ಈ ಸಾಧನವಾರು ನ್ಯಾಯ ಪೂರ್ತಿ ಜಾರಿಗೆ ಬರುವುದಿಲ್ಲ ಎಂಬುದು ದೊಡ್ಡ ಕುಂದು. ರೌಟರ್ ನ್ಯಾಟ್ ಮಾಡುವುದರಿಂದ, ಎಂದರೆ ಒಳಗಿನ ವಿಳಾಸಗಳನ್ನೆಲ್ಲ ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವುದರಿಂದ, ಹೊರಗಿನ ತಂತಿಯಲ್ಲಿ ನಿಂತು ನೋಡುವ ಕೇಕ್‌ಗೆ ಒಳಗಿನ ಸಾಧನಗಳೆಲ್ಲ ಒಂದೇ ವಿಳಾಸದಂತೆ ಕಾಣುತ್ತವೆ. ಮುಂದುವರಿದ ಆಯ್ಕೆಗಳ ಪುಟದಲ್ಲಿ, ಅಪಾಯಕಾರಿ ಎಂಬ ಎಚ್ಚರಿಕೆಯನ್ನು ದಾಟಿ ಹೋಗಿ, ನ್ಯಾಟ್ ಎಂಬ ಪದವನ್ನೂ, ಹೊರಹೋಗುವ ಕಡೆ ಕಳುಹಿಸುವವರ ಲೆಕ್ಕ, ಒಳಬರುವ ಕಡೆ ಪಡೆಯುವವರ ಲೆಕ್ಕ ಎಂಬ ಸೂಚನೆಗಳನ್ನೂ ಕೈಯಾರೆ ಬರೆಯಬೇಕು. ಬಹುಪಾಲು ಜನ ಈ ತಂತ್ರಾಂಶವನ್ನು ಹಾಕಿಕೊಳ್ಳುವುದೇ ಇದಕ್ಕಾಗಿ. ಅಂಥದ್ದನ್ನು ಗುರುತುಚೌಕದ ಒಂದು ಒತ್ತಿಗೆ ಸಿಗುವಂತೆ ಇಡದಿರುವುದು ನನಗೆ ಅರ್ಥವಾಗದ ಜಿಪುಣತನ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಒಂದೇ ಸಾಧನ ಹಲವು ವಿಳಾಸಗಳನ್ನು ಹೊಂದಿರಬಹುದಾದ್ದರಿಂದ ಅಲ್ಲಿ ಸಾಧನವಾರು ಲೆಕ್ಕ ಅಷ್ಟೊಂದು ಬಿಗಿಯಾಗಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ವೇಗದ ಮಿತಿಯನ್ನು ಹಾಕುವಾಗ ತಾಳ್ಮೆ ಬೇಕು. ಅಳೆದ ವೇಗದ ಶೇಕಡಾ 85ರಿಂದ 95ರ ನಡುವಿನ ಅಂಕಿಯಿಂದ ಶುರುಮಾಡಿ, ಸಂಪರ್ಕವನ್ನು ಪೂರ್ತಿ ತುಂಬಿಸಿ, ಅದೇ ಹೊತ್ತಿನಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ಎಷ್ಟು ಏರುತ್ತದೆ ಎಂದು ನೋಡುತ್ತ ಹೊಂದಿಸಬೇಕು. ಅಪ್‌ಲೋಡ್ ದಿಕ್ಕಿನಲ್ಲಿ ಫಲ ಕೂಡಲೇ ಕಾಣುತ್ತದೆ, ಏಕೆಂದರೆ ಸಾಲು ನಮ್ಮದೇ. ಡೌನ್‌ಲೋಡ್ ದಿಕ್ಕಿನಲ್ಲಿ ಪ್ಯಾಕೆಟ್ ಇಕ್ಕಟ್ಟನ್ನು ದಾಟಿ ನಮ್ಮ ಕೈಗೆ ಬಂದ ಮೇಲೆ ನಾವು ಅದನ್ನು ತಡೆಯುತ್ತಿರುವುದರಿಂದ, ದೂರದಲ್ಲಿರುವ ಕಳುಹಿಸುವವರು ಸೂಚನೆ ಅರಿತು ತಗ್ಗುವವರೆಗೆ ಕಾಯಬೇಕಾಗುತ್ತದೆ. ಹೀಗಾಗಿ ಅಲ್ಲಿ ಮಿತಿಯನ್ನು ಸ್ವಲ್ಪ ಹೆಚ್ಚೇ ಇಳಿಸುವುದು ಒಳ್ಳೆಯದು. ಡಿಎಸ್‌ಎಲ್, ಎಂದರೆ ದೂರವಾಣಿ ತಂತಿಯ ಮೂಲಕದ ಸಂಪರ್ಕವಿರುವವರು ಎಸ್‌ಕ್ಯೂಎಂನ ಲಿಂಕ್ ಲೇಯರ್ ಪುಟವನ್ನು ಮರೆಯಬಾರದು. ಎಟಿಎಂ ಎಂಬ ಮಾಹಿತಿ ಸಾಗಣೆಯ ವಿಧಾನವನ್ನು ಬಳಸುವ ಹಳೆಯ ಡಿಎಸ್‌ಎಲ್‌ನಲ್ಲಿ ಪ್ರತಿ 53 ಬೈಟಿನ ಕೋಶದಲ್ಲಿ ಮಾಹಿತಿಗೆ ಸಿಗುವುದು 48 ಬೈಟು. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಣ್ಣ ಪ್ಯಾಕೆಟ್‌ಗಳು ಹೆಚ್ಚಾದಾಗ ಮಿತಿ ಸುಳ್ಳಾಗುತ್ತದೆ. ಒಮ್ಮೆ ಹೊಂದಿಕೆ ಕುದುರಿದ ಮೇಲೆ ಪರಿಣಾಮ ಮಾತ್ರ ಸ್ಪಷ್ಟ: ಜಾಲದಲ್ಲಿ ಭಾರಿ ಅಪ್‌ಲೋಡ್ ನಡೆಯುತ್ತಿದೆಯೋ ಇಲ್ಲವೋ ಎಂಬುದು ಕರೆಯಲ್ಲಿರುವವರಿಗೆ ತಿಳಿಯುವುದೇ ಇಲ್ಲ. ಗರಿಷ್ಠ ವೇಗದ ಪರೀಕ್ಷೆಯಲ್ಲಿ ಅಂಕಿ ತುಸು ಇಳಿದಿರುತ್ತದೆ, ಅಷ್ಟೆ.

ಮೊಬೈಲ್ ಜಾಲದ ಮೂಲಕ ಬರುವ ಸಂಪರ್ಕಕ್ಕೆ ಈ ಹೊಗಳಿಕೆ ಅನ್ವಯಿಸುವುದಿಲ್ಲ. ಅಲ್ಲಿ ವೇಗವೇ ಗಳಿಗೆಗೊಮ್ಮೆ ಬದಲಾಗುವುದರಿಂದ ಸ್ಥಿರ ಮಿತಿ ಒಂದೋ ಅನ್ಯಾಯವಾಗಿ ಕಡಿಮೆಯಿರುತ್ತದೆ, ಇಲ್ಲವೇ ನಿರರ್ಥಕವಾಗಿ ಹೆಚ್ಚಿರುತ್ತದೆ. ವಿಳಂಬವನ್ನು ನೋಡುತ್ತ ಮಿತಿಯನ್ನು ತಾನೇ ಬದಲಿಸುವ ಕೇಕ್-ಆಟೋರೇಟ್ ಎಂಬ ಸ್ಕ್ರಿಪ್ಟ್ ಲಭ್ಯವಿದೆ, ಆದರೆ ಅದನ್ನು ಪಳಗಿಸಲು ಆಜ್ಞಾಸಾಲಿನ ಪರಿಚಯ ಬೇಕು.

ಇನ್ನು ಗಾಳಿಯ ವಿಚಾರ, ಎಂದರೆ ಡಿಕ್ಕಿಯ ವಿಚಾರ. ಇದು ಹಳೆಯ ಸಮಸ್ಯೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಚಾಲನೆಗೆ ತಂದ ಅಲೋಹಾ ರೇಡಿಯೊ ಜಾಲದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳುಹಿಸಬಹುದಿತ್ತು. ಡಿಕ್ಕಿಯಾದರೆ ಯಾದೃಚ್ಛಿಕ ಹೊತ್ತು ಕಾದು ಮತ್ತೆ ಕಳುಹಿಸಬೇಕು. ಲೆಕ್ಕ ಹಾಕಿದರೆ ಈ ವಿಧಾನದಲ್ಲಿ ಚಾನೆಲ್‌ನ ಶೇಕಡಾ 18.4ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಎಲ್ಲರೂ ನಿಗದಿತ ಕಾಲಖಂಡದ ಆರಂಭದಲ್ಲೇ ಕಳುಹಿಸಬೇಕೆಂದು ಕಟ್ಟುಮಾಡಿದರೆ ಅದು ಶೇಕಡಾ 36.8ಕ್ಕೆ ಏರುತ್ತದೆ. ಮೊದಲು ಆಲಿಸು, ಬಳಿಕ ಕಳುಹಿಸು, ಡಿಕ್ಕಿ ಕಂಡರೆ ಕೂಡಲೇ ನಿಲ್ಲಿಸು ಎಂಬ ಎಥರ್‌ನೆಟ್‌ನ ಕ್ರಮ, ಜೆರಾಕ್ಸ್ ಪಾರ್ಕ್‌ನಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಶುರುಮಾಡಿದ ಕೆಲಸದಿಂದ ಬಂತು. ಇಂದಿನ ತಂತಿಜಾಲದಲ್ಲಿ ಸ್ವಿಚ್ ಮತ್ತು ಎರಡೂ ದಿಕ್ಕಿನ ಏಕಕಾಲಿಕ ಸಂವಹನ ಬಂದು ಡಿಕ್ಕಿ ಎಂಬುದೇ ಇಲ್ಲವಾಗಿದೆ. ಆದ್ದರಿಂದ ತಂತಿಯಲ್ಲಿ ಜೋಡಿಸಬಹುದಾದ ದೂರದರ್ಶನ, ಮೇಜಿನ ಕಂಪ್ಯೂಟರ್ ಮುಂತಾದವನ್ನು ತಂತಿಗೇ ಜೋಡಿಸಿ ಎಂಬ ಸಲಹೆ ಯಾವ ಫರ್ಮ್‌ವೇರಿಗಿಂತಲೂ ಮೇಲು.

ವೈಫೈಗೆ ಆ ಭಾಗ್ಯವಿಲ್ಲ. ಜೋರಾಗಿ ಕೂಗುತ್ತಿರುವವನಿಗೆ ಇನ್ನೊಬ್ಬರ ಪಿಸುಮಾತು ಕೇಳಿಸದಂತೆ, ಕಳುಹಿಸುತ್ತಿರುವ ರೇಡಿಯೊಗೆ ಅದೇ ಕ್ಷಣದ ಡಿಕ್ಕಿ ತಿಳಿಯುವುದಿಲ್ಲ. ಹಾಗಾಗಿ ಅದು ಡಿಕ್ಕಿಯನ್ನು ಮೊದಲೇ ತಪ್ಪಿಸಲು ನೋಡುತ್ತದೆ: ಚಾನೆಲ್ ಖಾಲಿಯಾದ ಮೇಲೂ ಪ್ರತಿ ಸಾಧನ 0ರಿಂದ 15ರೊಳಗಿನ ಒಂದು ಸಂಖ್ಯೆಯನ್ನು ಆರಿಸಿ, 9 ಮೈಕ್ರೊಸೆಕೆಂಡಿನ ಅಷ್ಟು ಗಳಿಗೆಗಳನ್ನು ಎಣಿಸಿ ಕಳುಹಿಸುತ್ತದೆ. ಒಟ್ಟಿಗೆ ಎಣಿಕೆ ಶುರುಮಾಡಿದ ಇಬ್ಬರು ಒಂದೇ ಸಂಖ್ಯೆಯನ್ನು ಆರಿಸುವ ಸಾಧ್ಯತೆ ಹದಿನಾರರಲ್ಲಿ ಒಂದು. ಸ್ವೀಕೃತಿ ಬಾರದಿದ್ದರೆ ಡಿಕ್ಕಿಯಾಯಿತೆಂದು ಊಹಿಸಿ ಆ ಮಿತಿಯನ್ನು ಪ್ರತಿ ಬಾರಿ ಇಮ್ಮಡಿಸುತ್ತ 1023ರವರೆಗೆ ಹೋಗುತ್ತದೆ. ಈ ಕ್ರಮ ಚಿಪ್‌ನೊಳಗೆ ನಡೆಯುವಂಥದ್ದು, ಮಾನಕದಲ್ಲಿ ಬರೆದದ್ದು. ಸಾಮಾನ್ಯ ಬಳಕೆದಾರ ಇಲ್ಲಿ ಕೈಹಾಕಿ ಗಳಿಸುವುದೇನಿಲ್ಲ. ಕೆಲವರು ಎಲ್ಲ ಪ್ಯಾಕೆಟ್‌ಗಳಿಗೂ ಧ್ವನಿಯ ಆದ್ಯತೆ ಹಚ್ಚಿ ಜಾಣರಾಗಲು ಹೋಗುತ್ತಾರೆ. ಧ್ವನಿಯ ವರ್ಗದಲ್ಲಿ ಆರಂಭದ ಮಿತಿ 3, ಗರಿಷ್ಠ 7; ಎಲ್ಲರೂ ಅಷ್ಟು ಕಿರಿದಾದ ಮಿತಿಯೊಳಗೆ ನುಗ್ಗಿದರೆ ಡಿಕ್ಕಿಗಳು ಹೆಚ್ಚುತ್ತವೆಯೇ ಹೊರತು ಕರೆ ಸುಧಾರಿಸುವುದಿಲ್ಲ.

ಓಪನ್‌ಡಬ್ಲ್ಯುಆರ್‌ಟಿ ನಿಜವಾಗಿ ಬೆಲೆಯುಳ್ಳ ಕೆಲಸ ಮಾಡುವುದು ಗಾಳಿಯ ಸಮಯವನ್ನು ಹಂಚುವಲ್ಲಿ. ಮೇಲೆ ಹೇಳಿದ ಕ್ರಮ ಪ್ರತಿ ಸಾಧನಕ್ಕೂ ಸಮಾನ ಅವಕಾಶ ಕೊಡುತ್ತದೆ, ಸಮಾನ ಸಮಯ ಕೊಡುವುದಿಲ್ಲ. 54 ಎಂಬಿಪಿಎಸ್ ವೇಗದ ಒಂದು ಸಾಧನ, ದೂರದ ಮೂಲೆಯಲ್ಲಿ 6 ಎಂಬಿಪಿಎಸ್‌ಗೆ ಇಳಿದ ಇನ್ನೊಂದು ಸಾಧನ ಇವೆ ಎಂದುಕೊಳ್ಳೋಣ. ಒಂದೊಂದು ಪ್ಯಾಕೆಟ್‌ನಂತೆ ಸರದಿ ಸಿಕ್ಕರೆ, ಇತರ ವೆಚ್ಚಗಳನ್ನು ಬಿಟ್ಟು ಲೆಕ್ಕ ಹಾಕಿದಾಗ, ಇಬ್ಬರಿಗೂ ಸಿಗುವುದು 5.4 ಎಂಬಿಪಿಎಸ್, ನಿಧಾನದ ಸಾಧನ ವೇಗದ ಸಾಧನವನ್ನೂ ತನ್ನ ಮಟ್ಟಕ್ಕೆ ಎಳೆದಿರುತ್ತದೆ. ಸಮಯವನ್ನು ಅರ್ಧರ್ಧ ಹಂಚಿದರೆ ಒಬ್ಬರಿಗೆ 27, ಇನ್ನೊಬ್ಬರಿಗೆ 3. ಇದು ನ್ಯಾಯವೇ ಎಂದು ಆ ಮೂಲೆಯಲ್ಲಿ ಕೂತವರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ ಹಂಚಿಕೆಯಾಗುತ್ತಿರುವ ವಸ್ತು ಗಾಳಿಯ ಸಮಯವಾದ್ದರಿಂದ ಅದನ್ನೇ ಸಮವಾಗಿ ಹಂಚುವುದು ಸರಿ ಎಂದು ನನ್ನ ಅಭಿಪ್ರಾಯ; ಇಲ್ಲವಾದರೆ ಒಂದು ಹಳೆಯ ಫೋನು ಇಡೀ ಜಾಲದ ವೇಗವನ್ನು ನಿರ್ಧರಿಸುತ್ತದೆ. ಆತ್9ಕೆ, ಎಂಟಿ76 ಮುಂತಾದ ತೆರೆದ ಚಾಲಕಗಳು, ಎಂದರೆ ವೈಫೈ ಚಿಪ್ ನಡೆಸುವ, ಮೂಲ ಸಂಕೇತ ಬಹಿರಂಗವಾಗಿರುವ ತಂತ್ರಾಂಶಗಳು, ಇರುವ ರೌಟರುಗಳಲ್ಲಿ ಈ ಸಮಯದ ಹಂಚಿಕೆಯೂ, ಗಾಳಿಯ ಕಡೆಯ ಸಾಲುಗಳಿಗೆ ಎಫ್‌ಕ್ಯೂ-ಕೊಡೆಲ್ ಮಾದರಿಯ ನಿರ್ವಹಣೆಯೂ ಒಳಗೇ ಇವೆ. ಎಸ್‌ಕ್ಯೂಎಂಗೆ ಹೇಳಬೇಕಾದಂತೆ ವೇಗದ ಅಂಕಿಯನ್ನೂ ಹೇಳಬೇಕಿಲ್ಲ. ಮುಚ್ಚಿದ ಚಾಲಕವಿರುವ ಚಿಪ್‌ಗಳಲ್ಲಿ ಇವು ಸಿಗದಿರುವುದೇ ಹೆಚ್ಚು, ಎಷ್ಟೋ ಸಲ ಅಂಥ ರೌಟರುಗಳಿಗೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವೈಫೈಯೇ ನೆಟ್ಟಗೆ ನಡೆಯುವುದಿಲ್ಲ.

ಈ ಹಂಚಿಕೆಗೂ ಎಲ್ಲೆಯಿದೆ. ರೌಟರ್ ತಾನು ಕಳುಹಿಸುವುದನ್ನು ಮಾತ್ರ ನಿಯಂತ್ರಿಸಬಲ್ಲದು. ಒಂದು ಸಾಧನ ಅಪ್‌ಲೋಡ್‌ಗೆ ಬಳಸಿದ ಸಮಯವನ್ನು ಅದರ ಡೌನ್‌ಲೋಡ್ ಪಾಲಿನಿಂದ ಕಳೆಯಬಹುದು, ಆದರೆ ಅಪ್‌ಲೋಡ್ ಮಾತ್ರವೇ ಮಾಡುತ್ತಿರುವ ಸಾಧನವನ್ನು ತಡೆಯಲು ಅದರ ಬಳಿ ಏನೂ ಇಲ್ಲ. ಒಂದರ ದನಿ ಇನ್ನೊಂದಕ್ಕೆ ಕೇಳಿಸದ ಎರಡು ಸಾಧನಗಳು ಗೋಡೆಗಳ ಆಚೀಚೆ ಕೂತು ರೌಟರಿನ ಬಳಿ ಡಿಕ್ಕಿ ಹೊಡೆಸಿಕೊಳ್ಳುವ ತೊಂದರೆಗೂ ಇದೇ ಮಾತು. ಇದಕ್ಕೆ, ಕಳುಹಿಸುವ ಮುನ್ನ ಅನುಮತಿ ಕೇಳಿಸುವ ಆರ್‌ಟಿಎಸ್ ಮಿತಿಯನ್ನು ತಗ್ಗಿಸಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ರೌಟರಿನಲ್ಲಿರುವ ಆ ಆಯ್ಕೆ ರೌಟರ್ ಕಳುಹಿಸುವ ಪ್ಯಾಕೆಟ್‌ಗಳಿಗಷ್ಟೇ ಅನ್ವಯ. ಡಿಕ್ಕಿಯಾಗುತ್ತಿರುವುದು ಫೋನುಗಳ ನಡುವೆ. 802.11ಎಎಕ್ಸ್, ಎಂದರೆ ವೈಫೈ 6ರ ಮಾನಕದಲ್ಲಿ ಈ ಸೂಚನೆಯನ್ನು ರೌಟರೇ ಸಾಧನಗಳಿಗೆ ಕೊಡಬಹುದು, ಜೊತೆಗೆ ಯಾರು ಯಾವಾಗ ಅಪ್‌ಲೋಡ್ ಮಾಡಬೇಕೆಂದು ಕರೆದು ಸರದಿ ಕೊಡುವ ಅವಕಾಶವೂ ಇದೆ. ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಚಿಪ್‌ನ ಒಳಗಿನ ಫರ್ಮ್‌ವೇರಿಗೆ ಬಿಟ್ಟದ್ದು, ಅದು ಓಪನ್‌ಡಬ್ಲ್ಯುಆರ್‌ಟಿಯ ಹಿಡಿತದಲ್ಲಿಲ್ಲ.

ಬಳಕೆದಾರನ ಕೈಯಲ್ಲಿರುವ ಕೆಲವು ಸಣ್ಣ ಆಯ್ಕೆಗಳು ಮಾತ್ರ ಉಪಯುಕ್ತ. 802.11ಬಿ ಎಂಬ ಹಳೆಯ ವೈಫೈ ಮಾನಕದ ಕಾಲದ ವೇಗಗಳನ್ನು ನಿಲ್ಲಿಸಿಟ್ಟರೆ ಎಲ್ಲರಿಗೂ ಸಾರುವ ಪ್ಯಾಕೆಟ್‌ಗಳು 1 ಎಂಬಿಪಿಎಸ್‌ನಲ್ಲಿ ತೆವಳುತ್ತ ಗಾಳಿಯನ್ನು ಕಟ್ಟಿಹಾಕುವುದು ತಪ್ಪುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲವನ್ನೇ ಇಟ್ಟುಕೊಂಡು 1, 6, 11ನೇ ಚಾನೆಲ್‌ಗಳಲ್ಲಿ ಒಂದನ್ನು ಆರಿಸಬೇಕು. ಅಕ್ಕಪಕ್ಕದ ಜಾಲಗಳಿದ್ದರೂ 40 ಮೆಗಾಹರ್ಟ್ಸ್ ಬಳಸು ಎಂದು ಒತ್ತಾಯಿಸುವ ಆಯ್ಕೆಯೂ ಅಲ್ಲಿದೆ, ಅದು ಮಾನಕಕ್ಕೆ ವಿರುದ್ಧ ಎಂಬ ಎಚ್ಚರಿಕೆಯನ್ನು ಓಪನ್‌ಡಬ್ಲ್ಯುಆರ್‌ಟಿಯೇ ಪಕ್ಕದಲ್ಲಿ ಬರೆದಿದೆ. ತನ್ನ ಮನೆಯೊಳಗೆ ನ್ಯಾಯ ಬೇಕೆಂದು ಇಷ್ಟೆಲ್ಲ ಮಾಡುವವರು ನೆರೆಯವರ ಚಾನೆಲ್ ಮೇಲೆ ಹೀಗೆ ಏರಿ ಹೋಗುವುದು ವಿಚಿತ್ರ. ಅದರಿಂದ ಆಗುವ ಡಿಕ್ಕಿಗಳು ಅವರಿಗೂ ತಟ್ಟುತ್ತವೆ.

ಕೊಳ್ಳುವ ಮುನ್ನ ಗಮನಿಸಬೇಕಾದ ಮುಖ್ಯ ಸಂಗತಿ ಪ್ರೊಸೆಸರ್. ಎಸ್‌ಕ್ಯೂಎಂ ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರ್ ಮೂಲಕವೇ ಹಾಯಿಸುತ್ತದೆ. ಪ್ರೊಸೆಸರನ್ನು ತಪ್ಪಿಸಿ ಹೋಗುವ ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಅಡ್ಡದಾರಿಯನ್ನು ಮುಚ್ಚಬೇಕಾಗುತ್ತದೆ. ಆ ಅಡ್ಡದಾರಿಯ ಬಲದಿಂದಲೇ ಗಿಗಾಬಿಟ್ ಮುಟ್ಟುವ ರೌಟರ್ ಕೇಕ್ ಹಾಕಿದ ಕೂಡಲೇ ಅದಕ್ಕಿಂತ ತೀರ ಕೆಳಗೆ ಬೀಳಬಹುದು. ಅಂಥ ಕಡೆ ಕೇಕ್ ಬಿಟ್ಟು ಹಗುರವಾದ ಎಫ್‌ಕ್ಯೂ-ಕೊಡೆಲ್ ಹಾಕಿ ನೋಡಬಹುದು, ಅಥವಾ ಸಾಮಾನ್ಯವಾಗಿ ಇಕ್ಕಟ್ಟಾಗಿರುವ ಅಪ್‌ಲೋಡ್ ದಿಕ್ಕಿಗೆ ಮಾತ್ರ ಮಿತಿ ಹಾಕಬಹುದು. 4 ಮೆಗಾಬೈಟ್ ಫ್ಲಾಶ್, 32 ಮೆಗಾಬೈಟ್ ರ್‍ಯಾಮ್ ಇರುವ ಹಳೆಯ ಪೆಟ್ಟಿಗೆಗಳ ಬಗ್ಗೆ ಯೋಜನೆಯವರೇ ಬೇಡವೆಂದು ಎಚ್ಚರಿಸಿದ್ದಾರೆ. ಒಂದೇ ಹೆಸರಿನ ರೌಟರ್ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಚಿಪ್ ಹೊತ್ತು ಬರುವುದುಂಟು, ಆದ್ದರಿಂದ ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಯೋಜನೆಯ ಸಾಧನಪಟ್ಟಿಯೊಡನೆ ಹೋಲಿಸದೆ ಹಣ ಕೊಡಬಾರದು. ತಪ್ಪು ಕಡತ ಹಾಕಿದರೆ ರೌಟರ್ ಏಳದೇ ಹೋಗಬಹುದು. ಹಲವು ಮಾದರಿಗಳಲ್ಲಿ ಅದನ್ನು ಎಬ್ಬಿಸುವ ದಾರಿ ಇದೆ, ಎಲ್ಲದರಲ್ಲೂ ಇಲ್ಲ. ಸ್ಥಾಪನೆಯಾದ ಮೇಲೆ ವೈಫೈ ಸಾಮಾನ್ಯವಾಗಿ ಆರಿರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಮೊದಲ ಪ್ರವೇಶಕ್ಕೆ ತಂತಿ ಸಿದ್ಧವಿರಲಿ. ಆವೃತ್ತಿ ಮೇಲ್ದರ್ಜೆಗೇರಿಸುವಾಗ ನಾವು ಹಾಕಿಕೊಂಡ ಎಸ್‌ಕ್ಯೂಎಂ ಪ್ಯಾಕೇಜೂ ಅಳಿಸಿಹೋಗುತ್ತದೆ, ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಎಂಬ ಸೌಲಭ್ಯವನ್ನು ಬಳಸಿದರೆ ಅದೂ ಸೇರಿದ ಹೊಸ ಕಡತವೇ ತಯಾರಾಗಿ ಬರುತ್ತದೆ.

ಅಪ್‌ಲೋಡ್ ಇಕ್ಕಟ್ಟಾಗಿರುವ, ವೇಗ ಸ್ಥಿರವಾಗಿರುವ, ಹಲವರು ಕರೆಗಳಲ್ಲಿ ಕೂರುವ ಜಾಲವಾದರೆ ನಾನು ಇದನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ತಂತಿ ಜೋಡಿಸಿದ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಿದ್ದು ವೈಫೈಯಲ್ಲಿ ಮಾತ್ರ ಕರೆ ತೊದಲುತ್ತಿದ್ದರೆ, ಎಸ್‌ಕ್ಯೂಎಂನಿಂದ ಏನೂ ಬದಲಾಗದು. ಮೊದಲು ಚಾನೆಲ್ ನೋಡಿ, ಬಳಿಕ ತಂತಿಯ ಮೂಲಕ ಜೋಡಿಸಿದ ಎರಡನೆಯ ಆಕ್ಸೆಸ್ ಪಾಯಿಂಟ್ (ವೈಫೈ ಸಾರುವ ಪೆಟ್ಟಿಗೆ) ಒಂದನ್ನು ಆ ದೂರದ ಮೂಲೆಯ ಹತ್ತಿರ ಬೇರೆ ಚಾನೆಲ್‌ನಲ್ಲಿ ಇಡಿ.